ತಿದ್ದಲು ಬಿಡದ ಪುಸ್ತಕ ನಮಗೆ ಬೇಡ

ಪದವಿ ಪಠ್ಯಕ್ರಮದ ಸಭೆಯೊಂದರಲ್ಲಿ ಈ ವಾರ ಕೇಳಿದ ಮಾತಿಗೆ ಮೈ ಉರಿಯಿತು. ಸಂಖ್ಯಾಶಾಸ್ತ್ರದ ಪರಾಮರ್ಶನ ಗ್ರಂಥಗಳ ಪಟ್ಟಿಗೆ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಎರಡು ಪುಸ್ತಕಗಳನ್ನು ಸೇರಿಸೋಣ ಎಂದು ಯುವ ಉಪನ್ಯಾಸಕಿಯೊಬ್ಬರು ಕೇಳಿದರು. ಅಧ್ಯಯನ ಮಂಡಳಿಯ ಹಿರಿಯರು ಪುಸ್ತಕ ತೆರೆದು ಕೂಡ ನೋಡಲಿಲ್ಲ. ‘ಪುಕ್ಕಟೆ ಕೊಡುವವರು ಒಳ್ಳೆಯದನ್ನು ಯಾಕೆ ಕೊಡ್ತಾರೆ ಮೇಡಂ?’ ಎಂದವರೇ ಮುಂದಿನ ವಿಷಯಕ್ಕೆ ಹೋದರು. ಆಕೆ ಸುಮ್ಮನೆ ಕುಳಿತರು. ನನಗೆ ಸುಮ್ಮನಿರಲು ಆಗುತ್ತಿಲ್ಲ.

ಆಕೆ ಹೇಳಿದ ಪುಸ್ತಕಗಳ ಪೈಕಿ ಒಂದನ್ನು ಬರೆದವರು ಬಾರ್ಬರಾ ಇಲ್ಲೊವ್‌ಸ್ಕಿ ಮತ್ತು ಸೂಸನ್ ಡೀನ್. ಇಬ್ಬರೂ ಕ್ಯಾಲಿಫೋರ್ನಿಯಾದ ಕುಪರ್ಟಿನೊದಲ್ಲಿರುವ ಡಿ ಆಂಜಾ ಎಂಬ ಸಮುದಾಯ ಕಾಲೇಜಿನಲ್ಲಿ ಪಾಠ ಹೇಳಿದವರು. ಕೆಲಸ ಮಾಡುತ್ತಲೇ ಓದುವವರು, ಮನೆತನದಲ್ಲೇ ಮೊದಲಿಗರಾಗಿ ಕಾಲೇಜು ಮೆಟ್ಟಿಲು ಹತ್ತುವವರು ಅಂಥ ಕಾಲೇಜುಗಳಿಗೆ ಬರುತ್ತಾರೆ. ಆ ಮಕ್ಕಳನ್ನು ಕಣ್ಣೆದುರು ಇಟ್ಟುಕೊಂಡು ಬರೆದ ಪುಸ್ತಕದ ಹಕ್ಕನ್ನು ಮ್ಯಾಕ್ಸ್‌ಫೀಲ್ಡ್ ಪ್ರತಿಷ್ಠಾನ ಕೊಂಡು, ಮುಕ್ತ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟಿತು. ರೈಸ್ ವಿಶ್ವವಿದ್ಯಾಲಯದ ರಿಚರ್ಡ್ ಬರಾನಿಯುಕ್ 1999ರಲ್ಲಿ ಶುರು ಮಾಡಿದ್ದ ಕನೆಕ್ಷನ್ಸ್ ತಾಣಕ್ಕೆ ಅದು ಸೇರಿತು. ಆ ಯೋಜನೆಯಿಂದಲೇ 2012ರಲ್ಲಿ ಓಪನ್‌ಸ್ಟ್ಯಾಕ್ಸ್ ಹುಟ್ಟಿತು. ಮರುವರ್ಷ ‘ಇಂಟ್ರೊಡಕ್ಟರಿ ಸ್ಟಾಟಿಸ್ಟಿಕ್ಸ್’ ಎಂಬ ಹೆಸರಿನಲ್ಲಿ ಪುಸ್ತಕ ಹೊಸದಾಗಿ ಬಂತು. ಲೇಖಕರ ಹೆಸರು ಹೇಳಿದರೆ ಸಾಕು. ನಕಲು ಮಾಡಬಹುದು, ಬದಲಿಸಬಹುದು, ಅನುವಾದಿಸಬಹುದು.

ಇನ್ನೊಂದು ‘ಓಪನ್‌ಇಂಟ್ರೊ ಸ್ಟಾಟಿಸ್ಟಿಕ್ಸ್’. ಅದು ವ್ಯಾಖ್ಯೆಗಳಿಂದ ಶುರುವಾಗುವುದಿಲ್ಲ. ಪಾರ್ಶ್ವವಾಯು ತಡೆಯಲು ರಕ್ತನಾಳಕ್ಕೆ ಸ್ಟೆಂಟ್ ಹಾಕಿದರೆ ಪ್ರಯೋಜನವಿದೆಯೇ ಎಂದು 451 ರೋಗಿಗಳ ಮೇಲೆ ನಡೆದ ನಿಜವಾದ ಪ್ರಯೋಗವೊಂದು ಮೊದಲ ಅಧ್ಯಾಯದಲ್ಲೇ ಇದೆ. ಒಂದು ವರ್ಷದೊಳಗೆ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇ 20ರಷ್ಟು ಮಂದಿಗೆ ಪಾರ್ಶ್ವವಾಯು ಬಡಿದಿತ್ತು. ಹಾಕಿಸಿಕೊಳ್ಳದವರಲ್ಲಿ ಶೇ 12 ಮಾತ್ರ. ವೈದ್ಯರು ನಿರೀಕ್ಷಿಸಿದ್ದಕ್ಕೆ ಉಲ್ಟಾ. ಈ ವ್ಯತ್ಯಾಸ ಆಕಸ್ಮಿಕವೋ, ನಿಜವೋ? ಹದಿನೆಂಟರ ಹುಡುಗಿಯನ್ನು ಈ ಪ್ರಶ್ನೆ ಹಿಡಿದು ಕೂರಿಸುತ್ತದೆ. ನಮ್ಮ ಗೈಡುಗಳು ಅವಳಿಂದ ಸಂಖ್ಯಾಶಾಸ್ತ್ರದ ನಾಲ್ಕು ವ್ಯಾಖ್ಯೆಗಳನ್ನು ಉರು ಹೊಡೆಸುತ್ತವೆ. ಕಳಪೆ ಯಾವುದು ಎಂದು ಹಿರಿಯರೇ ಹೇಳಲಿ.

ಅಮೆರಿಕದಲ್ಲಿ ಇಂಥ ಮುಕ್ತ ಪಠ್ಯಪುಸ್ತಕಗಳ ಚಳವಳಿಗೆ ಬಲ ಬಂದದ್ದು ಬೆಲೆ ಏರಿಕೆಯಿಂದ. 2006ರಿಂದ 2016ರೊಳಗೆ ಅಲ್ಲಿ ಕಾಲೇಜು ಪಠ್ಯಪುಸ್ತಕಗಳ ಬೆಲೆ ಶೇ 88ರಷ್ಟು ಏರಿತೆಂದು ಸರ್ಕಾರದ್ದೇ ಲೆಕ್ಕವಿದೆ. ನಮ್ಮಲ್ಲಿ ಅಗ್ಗದ ಭಾರತೀಯ ಆವೃತ್ತಿಗಳಿವೆ, ಜೆರಾಕ್ಸ್ ಅಂಗಡಿಗಳಿವೆ, ವಾಟ್ಸ್‌ಆ್ಯಪ್‌ನಲ್ಲಿ ಕದ್ದ ಪಿಡಿಎಫ್‌ಗಳು ಹರಿದಾಡುತ್ತವೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ಮೂರು ದೊಡ್ಡ ಪ್ರಕಾಶಕರು 2012ರಲ್ಲಿ ಹೂಡಿದ ದಾವೆ, 2017ರಲ್ಲಿ ಅವರೇ ಹಿಂತೆಗೆದುಕೊಳ್ಳುವುದರೊಂದಿಗೆ ಮುಗಿದದ್ದು ನಿಮಗೆ ಗೊತ್ತು. ಪಾಠಕ್ಕೆ ಬೇಕಾದ ಪುಟಗಳ ನಕಲು ತೆಗೆಯುವ ದಾರಿ ಅಲ್ಲಿಗೆ ಸಲೀಸಾಯಿತು. ತಿದ್ದುವ ದಾರಿ ತೆರೆಯಲಿಲ್ಲ. ನನ್ನ ಜಗಳ ಇರುವುದು ಅಲ್ಲಿಯೇ. ಬೆಲೆ ಎರಡನೆಯ ಮಾತು. ತಿದ್ದುವ ಹಕ್ಕು ಮೊದಲನೆಯದು.

ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಎಲ್ಲರ ಕೈಯಲ್ಲೂ ಒಂದು ಗೈಡ್ ಇರುತ್ತಿತ್ತು. ಪ್ರಸಾಮಾನ್ಯ ವಿತರಣೆಯ ಅಧ್ಯಾಯದಲ್ಲಿ, ಸರಾಸರಿಯಿಂದ ಎರಡು ಮಾನಕ ವಿಚಲನೆಯವರೆಗಿನ ವಿಸ್ತೀರ್ಣ 0.4772 ಎಂದಿರಬೇಕಾದಲ್ಲಿ 0.4472 ಎಂದು ಅಚ್ಚಾಗಿತ್ತು. ಅದನ್ನು ಆಧರಿಸಿದ ಲೆಕ್ಕಗಳೆಲ್ಲ ತಪ್ಪು. ಪ್ರಕಾಶಕರಿಗೆ ಪತ್ರ ಬರೆದೆ, ಉತ್ತರ ಬರಲಿಲ್ಲ. ಮುಂದಿನ ಮುದ್ರಣಕ್ಕೆ ಹೊಸ ರಕ್ಷಾಪುಟ ಬಂತು, ಅಂಕಿ ಹಾಗೆಯೇ ಉಳಿಯಿತು. ಕೋಷ್ಟಕ ನೋಡಿ ಸರಿಯುತ್ತರ ಬರೆದಿದ್ದ ವಿದ್ಯಾರ್ಥಿನಿಯೊಬ್ಬಳು, ‘ಸರ್, ಗೈಡಲ್ಲಿ ಬೇರೆ ಇದೆಯಲ್ಲ’ ಎಂದು ತನ್ನ ಉತ್ತರವನ್ನೇ ಹೊಡೆದುಹಾಕಿದಳು. ಸರಿಯಾಗಿ ಲೆಕ್ಕ ಮಾಡಬಲ್ಲ ಹುಡುಗಿಗೆ ತನ್ನ ಮೇಲಿನ ನಂಬಿಕೆಯೇ ಹೋಗುವಂತೆ ಮಾಡಿದ ಪುಸ್ತಕವದು. ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಮುಕ್ತ ಪುಸ್ತಕಗಳ ರೀತಿ ಬೇರೆ. ಯಿರ್ಝಿ ಲೆಬ್ಲ್ ಎಂಬ ಗಣಿತಜ್ಞ 2009ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ತನ್ನ ತರಗತಿಗೆಂದು ಬರೆದ ಟಿಪ್ಪಣಿಗಳು ‘ಬೇಸಿಕ್ ಅನಾಲಿಸಿಸ್’ ಎಂಬ ಪುಸ್ತಕವಾದವು. ಕಂಡುಬಂದ ತಪ್ಪುಗಳನ್ನು ಅವರು ಎಲ್ಲರಿಗೂ ಕಾಣುವಂತೆ ಪಟ್ಟಿ ಮಾಡಿ ತಿದ್ದುತ್ತಾರೆ. ವರ್ಮಂಟ್‌ನ ಜಿಮ್ ಹೆಫರಾನ್ ತಮ್ಮ ‘ಲೀನಿಯರ್ ಆಲ್ಜೀಬ್ರಾ’ ಜೊತೆಗೆ ಅದರ ಮೂಲ ಕಡತಗಳನ್ನೂ ಅಭ್ಯಾಸಗಳ ಉತ್ತರಗಳನ್ನೂ ಕೊಟ್ಟಿದ್ದಾರೆ. ಬೇಕಾದ ಅಧ್ಯಾಯ ಇಟ್ಟುಕೊಳ್ಳಿ, ಬೇಡದ್ದನ್ನು ತೆಗೆಯಿರಿ, ನಿಮ್ಮದನ್ನು ಸೇರಿಸಿ.

ಕರ್ನಾಟಕಕ್ಕೆ ಇದು ಎಷ್ಟು ಬೇಕು ನೋಡಿ. 2021ರಲ್ಲಿ ನಾಲ್ಕು ವರ್ಷದ ಪದವಿ ತಂದೆವು, 2024ರಲ್ಲಿ ಮೂರು ವರ್ಷಕ್ಕೆ ಮರಳಿದೆವು. ಕಲನಶಾಸ್ತ್ರ ಬದಲಾಗಲಿಲ್ಲ, ಯಾವ ಅಧ್ಯಾಯ ಯಾವ ಸೆಮಿಸ್ಟರಿಗೆ ಎಂಬುದಷ್ಟೇ ಬದಲಾಯಿತು. ಅಷ್ಟಕ್ಕೇ ಹಳೆಯ ಗೈಡು ರದ್ದಿಗೆ, ಹೊಸ ಗೈಡು ಅಂಗಡಿಗೆ. ಮುಕ್ತ ಪುಸ್ತಕವಾಗಿದ್ದರೆ ಅಧ್ಯಾಯಗಳ ಕ್ರಮ ಬದಲಿಸಿ ಮರುದಿನವೇ ಮಕ್ಕಳ ಮೊಬೈಲಿಗೆ ಕಳಿಸಬಹುದಿತ್ತು. ತೀರ್ಥಹಳ್ಳಿಯ ಉಪನ್ಯಾಸಕರು ಡಾಲರ್ ಉದಾಹರಣೆ ತೆಗೆದು ಆಗುಂಬೆಯ ಮಳೆ, ಶಿವಮೊಗ್ಗದ ಅಡಿಕೆ ಧಾರಣೆ ಹಾಕಬಹುದಿತ್ತು. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎಸ್ಸಿ.ಗೆ ಬಂದು ಮೊದಲ ತಿಂಗಳೇ ಕಂಗಾಲಾಗುವ ಮಕ್ಕಳಿಗೆ ಪ್ರತಿ ಅಧ್ಯಾಯದ ಪಕ್ಕದಲ್ಲೇ ಕನ್ನಡ ಪಾಠ ಕೊಡಬಹುದಿತ್ತು. ಪರವಾನಗಿ ಕೈಯಲ್ಲೇ ಇದೆ, ಕೆಲಸಕ್ಕೆ ಕೈ ಹಚ್ಚುವವರಿಲ್ಲ.

ನಮ್ಮವರಿಂದ ಆಗದ್ದೇನೂ ಅಲ್ಲ. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲೇ ಮುಕ್ತ ಪರವಾನಗಿಗೆ ಒಪ್ಪಿಸಿತು. ಆ ದಾರಿಯಲ್ಲಿ ಗಣಿತ ಪಠ್ಯಪುಸ್ತಕ ಯಾಕೆ ಬರಲಿಲ್ಲ? ಅಧ್ಯಾಪಕರ ಬಡ್ತಿಯ ಬಗ್ಗೆ ಯುಜಿಸಿಯ 2018ರ ನಿಯಮಾವಳಿ ನೋಡಿ. ರಾಷ್ಟ್ರೀಯ ಪ್ರಕಾಶಕರಲ್ಲಿ ಪುಸ್ತಕ ಬಂದರೆ 10 ಅಂಕ, ಪುಸ್ತಕ ಅನುವಾದಿಸಿದರೆ 8. ಇರುವ ಮುಕ್ತ ಪುಸ್ತಕದ ತಪ್ಪು ತಿದ್ದಿ, ನಮ್ಮ ಮಕ್ಕಳಿಗೆ ಹೊಂದಿಸಿ ಕೊಟ್ಟವರಿಗೆಂದು ಅಲ್ಲಿ ಸಾಲೇ ಇಲ್ಲ. ಹೀಗಿರುವಾಗ ಬಡ್ತಿಗೆ ಕಾದಿರುವ ಅಧ್ಯಾಪಕರು ಐಎಸ್‌ಬಿಎನ್ ಹಾಕಿಸಿದ ಗೈಡ್ ಬರೆಯದೆ ಇನ್ನೇನು ಮಾಡುತ್ತಾರೆ? ಅತಿಥಿ ಉಪನ್ಯಾಸಕರಿಗಂತೂ ಮುಂದಿನ ಸೆಮಿಸ್ಟರಿಗೆ ಕೆಲಸವಿದೆಯೇ ಎಂಬುದೇ ಚಿಂತೆ. ನಾನಿದನ್ನು ಮೊದಲೂ ಬರೆದಿದ್ದೇನೆ, ಬದಲಾಗುವ ತನಕ ಬರೆಯುತ್ತೇನೆ.

ಈಗ ‘ಅಸ್ಮಿತಾ’ ಯೋಜನೆಯಡಿ ಭಾರತೀಯ ಭಾಷೆಗಳಲ್ಲಿ ಐದು ವರ್ಷಕ್ಕೆ 22,000 ಪುಸ್ತಕ ತರುತ್ತೇವೆ ಎಂದು ಯುಜಿಸಿ 2024ರಲ್ಲಿ ಘೋಷಿಸಿದೆ. ಸಂತೋಷ. ಕನ್ನಡದಲ್ಲಿ ಬರುವ ಪ್ರತಿ ಪುಸ್ತಕಕ್ಕೂ ಮುಕ್ತ ಪರವಾನಗಿ ಇರಲಿ, ತಿದ್ದಲು ಬರುವಂಥ ಕಡತವೂ ಜೊತೆಗೆ ಸಿಗಲಿ. ಜನರ ದುಡ್ಡಿನಿಂದ ಬರೆಸಿದ ಪುಸ್ತಕವನ್ನು ತಿದ್ದಲು ಜನರ ಅಧ್ಯಾಪಕರು ಯಾರ ಅಪ್ಪಣೆಯನ್ನೂ ಬೇಡುವಂತಾಗಬಾರದು.

ಜೊತೆಗೆ ಇನ್ನೊಂದು ನಿಯಮ ಬರಲಿ. ತಾವೇ ಬರೆದ ಗೈಡನ್ನು ಪಟ್ಟಿಗೆ ಸೇರಿಸಿ, ಅದರಿಂದಲೇ ಪ್ರಶ್ನೆಪತ್ರಿಕೆ ತೆಗೆದು, ಅದರ ಗೌರವಧನ ಎಣಿಸಿಕೊಳ್ಳುವವರು ಅಧ್ಯಯನ ಮಂಡಳಿಯಲ್ಲಿ ಇರಬಾರದು. ಎಷ್ಟು ಕುರ್ಚಿ ಖಾಲಿಯಾಗುತ್ತವೆ, ಎಣಿಸೋಣ.