ಕಣ್ಣಿನ ಬಾಟಲಿ ಬೇಡ, ಕಣ್ಣು ತೋರಿಸಿ

ಗಲ್ಫಿನಿಂದ ಬರುವ ಪೆಟ್ಟಿಗೆಯಲ್ಲಿ ಮೊದಲು ಅತ್ತರು, ಬಾದಾಮಿ, ಖರ್ಜೂರ ಇರುತ್ತಿದ್ದವು. ಈಗ ಅವುಗಳ ಜೊತೆ 'ಕಣ್ಣಿಗೆ ಒಳ್ಳೆಯದು' ಅನ್ನುವ ವಿಟಮಿನ್ ಬಾಟಲಿಯೂ ಬರುತ್ತದೆ. ಕೊಲ್ಹಾಪುರ ಜಿಲ್ಲೆಯ ಕುರುಂದವಾಡದಲ್ಲಿರುವ ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕದಲ್ಲೂ ಅಂಥದ್ದೊಂದು ಎರಡು ವರ್ಷ ಇತ್ತು. ಮುಗಿಯುವಷ್ಟರಲ್ಲಿ ದುಬೈಯಿಂದ ತಮ್ಮ ಇನ್ನೊಂದು ಕಳಿಸುತ್ತಿದ್ದ. ಉಪ್ಪನಿಗೆ ಹದಿನೈದು ವರ್ಷದಿಂದ ಶುಗರ್. ಕಣ್ಣು ತೋರಿಸುವ ಅಂದರೆ, "ಮಾತ್ರೆ ತಿನ್ನುತ್ತಿದ್ದೇನಲ್ಲ ಮೋನೇ" ಅನ್ನುತ್ತಿದ್ದರು.

ಒಂದು ದಿನ ಬಿಲ್ಲಿನ ಅಂಕಿಗಳು ಸೊಟ್ಟಗೆ ಕಾಣುತ್ತಿವೆ ಅಂದರು. ಮಿರಜಕ್ಕೆ ಕರೆದೊಯ್ದೆ. ಹನಿ ಹಾಕಿ, ಪಾಪೆ ಅಗಲವಾದ ಮೇಲೆ ನೋಡಿದ ಡಾಕ್ಟರು, ಶುಗರಿನಿಂದ ಕಣ್ಣಿನ ಹಿಂಪರದೆಯ ರಕ್ತನಾಳಗಳು ಸೋರುತ್ತಿವೆ ಅಂದರು. ಬಾಟಲಿ ತೋರಿಸಿದೆ. ಇದು ಆ ಕಾಯಿಲೆಯ ಮದ್ದೇ ಅಲ್ಲವಂತೆ. ಲೇಸರ್ ಆಯಿತು, ಇಂಜೆಕ್ಷನ್ ಆಯಿತು. ಉಳಿದ ದೃಷ್ಟಿ ಉಳಿಯಿತು, ಹೋದದ್ದು ಪೂರ್ತಿ ಮರಳಲಿಲ್ಲ. ಈ ಕಾಯಿಲೆ ಶುರುವಿನಲ್ಲಿ ನೋಯುವುದಿಲ್ಲ, ಮಂಜೂ ಆಗುವುದಿಲ್ಲ. ಅದಕ್ಕೇ ಶುಗರ್ ಇದ್ದವರು ವರ್ಷಕ್ಕೊಮ್ಮೆ ಹನಿ ಹಾಕಿಸಿ ತೋರಿಸಬೇಕು.

ಹಾಗಾದರೆ ಆ ಮಾತ್ರೆ ಯಾರಿಗೆ? ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ದೊಡ್ಡ ಅಧ್ಯಯನವೊಂದರ ಫಲಿತಾಂಶ 2001ರಲ್ಲಿ ಬಂತು. ವಯಸ್ಸಾದವರಲ್ಲಿ ಹಿಂಪರದೆಯ ನಡುಭಾಗ ಸವೆಯುವ ಕಾಯಿಲೆ ಇದೆ. ಅದು ಮಧ್ಯಮ ಹಂತಕ್ಕೆ ಬಂದವರಿಗೆ ವಿಟಮಿನ್ ಸಿ, ಇ, ಬೀಟಾ ಕ್ಯಾರೊಟಿನ್, ಸತು ಸೇರಿಸಿ ಕೊಟ್ಟಾಗ, ಕಾಯಿಲೆ ಜೋರಾಗುವ ಅಪಾಯ ಸುಮಾರು ಶೇ. 25ರಷ್ಟು ತಗ್ಗಿತು. ಅಷ್ಟೇ. ಕಾಯಿಲೆಯೇ ಬಾರದಂತೆ ಅದು ತಡೆಯಲಿಲ್ಲ. ಪೊರೆಗೂ ಉಪಯೋಗ ಕಾಣಲಿಲ್ಲ.

ಬೀಟಾ ಕ್ಯಾರೊಟಿನ್ ವಿಷಯ ಬೇರೆಯೇ ಇದೆ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ಗಂಡಸರ ಮೇಲೆ ನಡೆದ ಅಧ್ಯಯನದಲ್ಲಿ (ಫಲಿತಾಂಶ 1994) ಅದನ್ನು ತಿಂದವರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೇ ಬಂತು. 2013ರಲ್ಲಿ ಬಂದ ಎರಡನೇ ನೇತ್ರ ಅಧ್ಯಯನದ ನಂತರ ಅದರ ಬದಲು ಲುಟೀನ್ 10 ಮಿ.ಗ್ರಾಂ, ಝಿಯಾಕ್ಸಾಂಥಿನ್ 2 ಮಿ.ಗ್ರಾಂ ಹಾಕುತ್ತಾರೆ. ಉಪ್ಪ ಬೀಡಿ ಬಿಟ್ಟು ಮೂರೇ ವರ್ಷವಾಗಿತ್ತು. ಬಾಟಲಿಯ ಹಿಂದಿನ ಸಣ್ಣ ಅಕ್ಷರ ನಾನೂ ಓದಿರಲಿಲ್ಲ. ಮೆಷಿನಿನ ಮ್ಯಾನುಯಲ್ ಮಾತ್ರ ಪುಟ ಬಿಡದೆ ಓದುತ್ತೇನೆ!

ವಿಟಮಿನ್ನೇ ಬೇಡ ಅನ್ನುತ್ತಿಲ್ಲ. ವಿಟಮಿನ್ ಎ ಕೊರತೆಯಾದರೆ ಮಕ್ಕಳಿಗೆ ಇರುಳುಗುರುಡು ಬರುತ್ತದೆ, ಮುಂದೆ ಕಣ್ಣೇ ಹೋಗಬಹುದು. ಸರಕಾರ 9 ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ಬಾಯಿಗೆ ಹಾಕುವುದು ಇದಕ್ಕೇ. ಅದನ್ನು ತಪ್ಪಿಸಬೇಡಿ. ಆದರೆ ಹೆಚ್ಚಾದ ವಿಟಮಿನ್ ಎ ಮೂತ್ರದಲ್ಲಿ ಹೋಗುವುದಿಲ್ಲ, ಲಿವರಿನಲ್ಲಿ ಸೇರುತ್ತದೆ. ಬಸುರಿಯರು ಡಾಕ್ಟರನ್ನು ಕೇಳದೆ ತಿಂದರೆ ಹೊಟ್ಟೆಯಲ್ಲಿರುವ ಮಗುವಿಗೇ ತೊಂದರೆ. ಉಳಿದವರಿಗೆ ನುಗ್ಗೆಸೊಪ್ಪು, ಹರಿವೆ, ಪಪ್ಪಾಯಿ, ಮೊಟ್ಟೆ ಇವೆ. ಸೊಪ್ಪಿಗೆ ಸ್ವಲ್ಪ ತೆಂಗಿನೆಣ್ಣೆ ಬಿದ್ದರೆ ಮೈಗೆ ಚೆನ್ನಾಗಿ ಹತ್ತುತ್ತದೆ.

ಕಳೆದ ವಾರ ತಮ್ಮ ಫೋನಿನಲ್ಲಿ, ಈ ಸಲ ಏನು ತರಲಿ ಅಂದ. ಬಾಟಲಿ ಬೇಡ, ಉಪ್ಪನನ್ನು ಮಿರಜಕ್ಕೆ ಕರೆದೊಯ್ಯುವ ಕಾರಿನ ಬಾಡಿಗೆ ಕಳಿಸು ಅಂದೆ.