ಕಸ ಯಾರದು, ಕೈ ಯಾರದು?

ಮಣ್ಣೂರಿನಂಥ ಹಳ್ಳಿಗಳಿಂದ ಬೆಂಗಳೂರಿಗೆ ಓದಲಾಕ ಹೋದ ಹಾಸ್ಟೆಲ್ ಗೆಳೆಯರೇ, ಮುಂಜಾನೆ ಕಸದ ಗಾಡಿ ಬಂದಾಗ ಒಂದು ಗಳಿಗೆ ನಿಂತು ನೋಡ್ರಿ. ಹಳಸಿದ ಅನ್ನ, ಒಡೆದ ಗಾಜು, ಬ್ಲೇಡು, ಬಳಸಿದ ಪ್ಯಾಡು ಎಲ್ಲಾ ಒಂದೇ ಚೀಲದಾಗ! ಅದನ್ನ ಎಷ್ಟೋ ಕಡೆ ಬರಿಗೈಲೇ ಬಿಡಿಸೋರು ಯಾರು? ಹೆಚ್ಚಿನವರು ನಮ್ಮ ಕೇರಿಯ ಅಕ್ಕ-ತಂಗಿಯರೇ.

ತಲೆ ಮೇಲೆ ಮಲ ಹೊರುವ ಪದ್ಧತಿಯನ್ನ 1970ರ ದಶಕದಾಗ ಮಂತ್ರಿ ಬಸವಲಿಂಗಪ್ಪನವರು ನಿಷೇಧಿಸಿದರು. ತಲೆಯ ಹೊರೆ ಇಳೀತು, ಜಾತಿಯ ಹೊರೆ ಇಳೀಲಿಲ್ಲ. ಹಸಿ, ಒಣ, ಅಪಾಯಕಾರಿ ಕಸವನ್ನ ಮನೆಯಲ್ಲೇ ಬೇರೆ ಮಾಡಬೇಕಂತ 2016ರಲ್ಲೇ ನಿಯಮ ಬಂತು. ಪೋಸ್ಟರ್ ಹಚ್ಚಿದರು, ಭಾಷಣ ಮಾಡಿದರು. ಆದರ 'ಎತ್ತೋರು ಇದ್ದಾರಲ್ಲ' ಅನ್ನೋ ಮೇಲ್ಜಾತಿ ಬುದ್ಧಿ ಹೋಗಿಲ್ಲ.

ಆ ಬುದ್ಧಿ ನಮ್ಮ ರೂಮಿನಾಗೂ ಹೊಕ್ಕದ. ಗಾಜನ್ನ ಪೇಪರಿನಾಗ ಸುತ್ತಿ ಬೇರೆ ಇಡಾಕ ಎಷ್ಟು ಹೊತ್ತು ಬೇಕು? ಇವತ್ತಿನಿಂದಲೇ ಶುರು ಮಾಡೋಣ. ಆ ಚೀಲಕ್ಕ ಕೈ ಹಾಕೋದು ನಮ್ಮವ್ವನ ಕೈ.

ಜೈ ಭೀಮ್.