ಡಯಾಲಿಸಿಸ್ ಪುಕ್ಕಟೆ, ದಾರಿಗೆ ದಂಡ

ಬೆಳಗಿನ ಜಾವ ಐದೂವರೆ. ದಾವಣಗೆರೆಯ ಹಳೇಪೇಟೆ ಕಡೆಯ ಒಂದು ಓಣಿ. ಹಾಲಿನವನು ಆಗಲೇ ಬಂದುಹೋಗಿದ್ದಾನೆ. ಒಂದು ಮನೆ ಮುಂದೆ ಆಟೋ ಗುರುಗುಡುತ್ತ ನಿಂತಿದೆ. ಅರವತ್ತು ದಾಟಿದ ತಾಯಿಯನ್ನು ಮಗ ಎರಡೂ ಕೈಯಲ್ಲಿ ಎತ್ತಿಕೊಂಡು ಹೊಸ್ತಿಲು ದಾಟುತ್ತಾನೆ. ಸೊಸೆ ಕಾಲು ಹಿಡಿದಿದ್ದಾಳೆ. ಮಡಚಿದ ಗಾಲಿಕುರ್ಚಿಯನ್ನು ಎಲ್ಲಿಡೋದು ಅಂತ ಆಟೋದವನು ತಲೆ ಕೆರೆದುಕೊಳ್ಳುತ್ತಾನೆ. ಕಾಲಿಡುವ ಜಾಗದಲ್ಲಿಟ್ಟರೆ ಸೊಸೆ ಕೂರುವ ಹಾಗಿಲ್ಲ. ಮೇಲೆ ಕಟ್ಟೋಣವೆಂದರೆ ಹಗ್ಗವಿಲ್ಲ. ಕೊನೆಗೆ ಕುರ್ಚಿ ಮನೆಯಲ್ಲೇ ಉಳಿಯುತ್ತದೆ, ತಾಯಿ ಆಸ್ಪತ್ರೆಗೆ ಹೊರಡುತ್ತಾಳೆ. ಅಲ್ಲಿ ಒಂದು ಕುರ್ಚಿ ಖಾಲಿ ಸಿಕ್ಕರೆ ಪುಣ್ಯ.

ಇವತ್ತು ಸೋಮವಾರ. ಬುಧವಾರವೂ ಇದೇ. ಶುಕ್ರವಾರವೂ ಇದೇ.

ಇದು ಒಂದು ಮನೆಯ ಕಥೆಯಲ್ಲ. ಮೂತ್ರಪಿಂಡ ಕೈಕೊಟ್ಟವರು, ಲಕ್ವ ಹೊಡೆದವರು, ಬೆನ್ನುಮೂಳೆ ಮುರಿದವರು, ಸಕ್ಕರೆ ಕಾಯಿಲೆಯಿಂದ ಕಾಲು ಕಳಕೊಂಡವರು ಎಲ್ಲ ಪೇಟೆಯಲ್ಲೂ ಇದ್ದಾರೆ. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13.24 ಲಕ್ಷ. ಅದರಲ್ಲಿ ಎಲ್ಲರೂ ಗಾಲಿಕುರ್ಚಿಯವರಲ್ಲ, ನಿಜ. ಆದರೆ ಮುಪ್ಪಿನಿಂದ, ಕಾಯಿಲೆಯಿಂದ ಕುರ್ಚಿ ಹಿಡಿದ ಎಷ್ಟೋ ಮಂದಿ ಆ ಲೆಕ್ಕದೊಳಗೇ ಬಂದಿಲ್ಲ.

ಡಯಾಲಿಸಿಸ್‌ನವರ ಲೆಕ್ಕವನ್ನೇ ಹಿಡಿಯಿರಿ. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಸುಮಾರು ನಾಲ್ಕು ತಾಸು. ವರ್ಷಕ್ಕೆ 156 ಸಲ. ಹೋಗಿ ಬರುವುದು ಅಂದರೆ 312 ಸಲ ಗಾಡಿ ಹತ್ತಬೇಕು, 312 ಸಲ ಇಳಿಯಬೇಕು. ಕೇಂದ್ರ ಸರ್ಕಾರ 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿತು. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಪುಕ್ಕಟೆ ಡಯಾಲಿಸಿಸ್ ಅಂತ ಆಯಿತು. ಒಳ್ಳೇ ಕೆಲಸ. ಆದರೆ ಪುಕ್ಕಟೆ ಶುರುವಾಗುವುದು ಆಸ್ಪತ್ರೆ ಗೇಟಿನಿಂದ ಒಳಗೆ. ಗೇಟಿನ ತನಕದ ಖರ್ಚು ಯಾರದು ಸ್ವಾಮಿ? ಒಂದು ಕಡೆಗೆ 300 ರೂಪಾಯಿ ಅಂತ ಹಿಡಿದರೂ 312 ಓಡಾಟಕ್ಕೆ 93,600 ರೂಪಾಯಿ. ದಿನಗೂಲಿಯ ಮನೆಗೆ ಇದು ಎಲ್ಲಿಂದ ಬರಬೇಕು? ಜೊತೆಗೆ ಹೊತ್ತುಕೊಂಡು ಹೋಗುವ ಮಗನ ಅವತ್ತಿನ ಕೂಲಿಯೂ ಹೋಯಿತು.

ದುಡ್ಡಿಲ್ಲದ ದಿನ ಏನಾಗುತ್ತದೆ? 'ಇವತ್ತೊಂದಿನ ಬ್ಯಾಡ ಬಿಡಪ್ಪಾ' ಅಂತಾಳೆ ತಾಯಿ. ಮಗನ ಮುಖ ನೋಡಿ ಅನ್ನುವ ಮಾತು ಅದು. ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತದೆ, ಉಸಿರು ಕಟ್ಟುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಎದೆ ಬಡಿತವೇ ತಪ್ಪಬಹುದು. ಯಂತ್ರ ಇದೆ, ಡಾಕ್ಟರ್ ಇದ್ದಾರೆ, ಔಷಧಿ ಇದೆ. ಆದರೂ ಮನುಷ್ಯ ಸಾಯಬಹುದು, ಮೂರು ಮೈಲಿ ದಾರಿಗೆ ಗಾಡಿ ಸಿಗದೆ.

108 ಇಲ್ಲವೇ? ಬಸ್ಸಿಲ್ಲವೇ?

108ಕ್ಕೆ ಫೋನ್ ಮಾಡಿ ಅಂತಾರೆ ತಿಳಿಯದವರು. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಶುರುವಾದ ಆ ಗಾಡಿ ಇರುವುದು ಅಪಘಾತ, ಹೃದಯಾಘಾತ, ಹೆರಿಗೆ ನೋವಿನಂಥ ತುರ್ತಿಗೆ. ವಾರಕ್ಕೆ ಮೂರು ಸಲ ದಿನ, ಹೊತ್ತು ಗೊತ್ತಿರುವ ಚಿಕಿತ್ಸೆಗೆ ಅದನ್ನು ಕರೆಯುವುದು ಸರಿಯಲ್ಲ. ಕರೆದರೆ ಹೈವೇಲಿ ರಕ್ತ ಸುರಿಸಿಕೊಂಡು ಬಿದ್ದವನಿಗೆ ಗಾಡಿ ತಪ್ಪುತ್ತದೆ. ತುರ್ತಲ್ಲದ ಪ್ರಯಾಣಕ್ಕೆ ಸರ್ಕಾರ ತಲೆ ಓಡಿಸಿಯೇ ಇಲ್ಲ ಅನ್ನುವ ಹಾಗೂ ಇಲ್ಲ. ಹೆರಿಗೆಯಾದ ತಾಯಿ, ಕೂಸನ್ನು ಮನೆ ಮುಟ್ಟಿಸಲು ನಗು-ಮಗು ಅಂತ ಗಾಡಿ ಮಾಡಿತ್ತು. ಹುಟ್ಟಿದ ಕೂಸಿಗೆ ಮಾಡಿದ್ದನ್ನು ನಡೆಯಲಾರದ ಅಜ್ಜಿಗೆ ಯಾಕೆ ಮಾಡಬಾರದು? ಯಾರೂ ಕೇಳಿಲ್ಲ, ಅಷ್ಟೇ.

ಇನ್ನು ಬಸ್ಸು. ಸಾರಿಗೆ ಸಂಸ್ಥೆ ಅಂಗವಿಕಲರಿಗೆ ರಿಯಾಯಿತಿ ಪಾಸು ಕೊಡುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟೂ ಇಲ್ಲ. ಆದರೆ ಜಗಳೂರಿಂದಲೋ ಚನ್ನಗಿರಿಯಿಂದಲೋ ಬರುವ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲೆತ್ತರ. ಬಾಗಿಲ ನಡುವೆ ಒಂದು ಕಂಬಿ. ದಿನಾ ಓಡಾಡುವ ಗಟ್ಟಿ ಆಳುಗಳೇ ನೂಕಿಸಿಕೊಂಡು ಹತ್ತುವ ಬಸ್ಸಿಗೆ ಗಾಲಿಕುರ್ಚಿ ಹೆಂಗೆ ಏರಬೇಕು? ಟಿಕೆಟ್ ಮಾಫಿಯಾಗಿದೆ, ಮೆಟ್ಟಿಲು ಮಾಫಿಯಾಗಿಲ್ಲ.

ಕಾನೂನು ಏನನ್ನುತ್ತದೆ ನೋಡಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 25ನೇ ಕಲಂ ಪ್ರಕಾರ ಆಸ್ಪತ್ರೆಯ ಎಲ್ಲ ಭಾಗಕ್ಕೂ ಅಡೆತಡೆಯಿಲ್ಲದೆ ಹೋಗುವಂತಿರಬೇಕು, ಅಂಗವಿಕಲರನ್ನು ಆದ್ಯತೆಯ ಮೇಲೆ ನೋಡಬೇಕು. 41ನೇ ಕಲಂ ಇನ್ನೂ ಮುಂದೆ ಹೋಗಿದೆ. ಬಸ್ಸು, ರೈಲು, ನಿಲ್ದಾಣ ಎಲ್ಲವೂ ಇವರಿಗೆ ಎಟುಕುವಂತಿರಬೇಕು, ಗಾಡಿಗಳನ್ನು ಮಾರ್ಪಡಿಸಲು ಮತ್ತು ಕೈಗೆಟಕುವ ದರದಲ್ಲಿ ಓಡಾಡಲು ಸರ್ಕಾರ ಯೋಜನೆ ರೂಪಿಸಬೇಕು ಅನ್ನುತ್ತದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟೂ ಹೇಳಿತು: ಇದು ಬರೀ ಮಾರ್ಗಸೂಚಿಯಾಗಿ ಇದ್ದರೆ ಸಾಲದು, ಕಡ್ಡಾಯ ನಿಯಮವಾಗಬೇಕು ಅಂತ. ಕಾಗದದ ಮೇಲೆ ರಸ್ತೆ ಸಾಫಾಗಿದೆ. ಓಣಿಯಲ್ಲಿ ಮಾತ್ರ ಮಗ ಇನ್ನೂ ತಾಯಿಯನ್ನು ಹೊತ್ತುಕೊಂಡೇ ಇದ್ದಾನೆ.

ಖಾಸಗಿ ಗಾಡಿ ಗೊತ್ತುಮಾಡುವ ಮುಂಚೆ

ಹೀಗಾಗಿ ಮನೆಯವರಿಗೆ ಉಳಿದ ದಾರಿ ಖಾಸಗಿ ಗಾಡಿ. ಬೆಂಗಳೂರಿನಲ್ಲಿ ಗಾಲಿಕುರ್ಚಿ ಸಮೇತ ಏರುವ ಟ್ಯಾಕ್ಸಿಗಳನ್ನು ಕಿಕ್‌ಸ್ಟಾರ್ಟ್ ಎಂಬ ಸಂಸ್ಥೆ ಓಡಿಸಿ ತೋರಿಸಿದೆ. 2017ರಲ್ಲಿ ಊಬರ್ ಕಂಪನಿಯೂ ಅಲ್ಲಿ ಇಂಥ ಸೇವೆ ಶುರುಮಾಡಿತು. ಅಂದರೆ ಇದು ಆಗದ ಕೆಲಸವಲ್ಲ. ಆದರೆ ಜಿಲ್ಲಾ ಊರುಗಳಲ್ಲಿ ಸಿಗುವುದು ಯಾರದೋ ಓಮ್ನಿ, ಯಾರದೋ ಟೆಂಪೋ. ಅವಸರಕ್ಕೆ ಸಿಕ್ಕಿದ್ದನ್ನು ಹತ್ತಿ ಆಮೇಲೆ ಒದ್ದಾಡುವವರೇ ಹೆಚ್ಚು. ಆದ್ದರಿಂದ ಫೋನಿನಲ್ಲೇ ಕೇಳಿ ತಿಳಿಯಬೇಕಾದ ಕೆಲವು ಮಾತುಗಳಿವೆ.

ಮೊದಲನೆಯದು ಅಳತೆ. ಕುರ್ಚಿಯ ಅಗಲವೆಷ್ಟು, ಅದರಲ್ಲಿ ಕೂತಾಗ ತಲೆಯ ತನಕ ಎತ್ತರವೆಷ್ಟು ಅಂತ ಟೇಪು ಹಿಡಿದು ನೋಡಿಕೊಳ್ಳಿ. ಗಾಡಿ ಬಾಗಿಲಿನ ಅಳತೆ ಡ್ರೈವರನನ್ನು ಕೇಳಿ. ಗಾಡಿ ಮನೆ ಮುಂದೆ ಬಂದ ಮೇಲೆ ತಲೆ ಬಗ್ಗಿಸಿ, ಕಾಲು ಮಡಚಿ ಅಂತ ಸರ್ಕಸ್ ಮಾಡಿಸಿದರೆ ಕಾಯಿಲೆಯವರಿಗೆ ಹಿಂಸೆ.

ಎರಡನೆಯದು ಹಲಗೆ. ಇಳಿಜಾರು ಹಲಗೆ ಇದೆಯೋ, ಇಲ್ಲಾ ನಾಲ್ಕು ಜನ ಎತ್ತಿ ಹಾಕುವುದೋ? ಹಲಗೆ ಗಿಡ್ಡವಾದಷ್ಟೂ ಏರು ಹೆಚ್ಚು, ಹಿಂದಿನಿಂದ ತಳ್ಳಲು ಗಟ್ಟಿ ಆಳು ಬೇಕು. ಇಳಿಸುವಾಗ ಕುರ್ಚಿಯನ್ನು ಹಿಂದುಮುಂದಾಗಿ ಇಳಿಸಬೇಕು. ಮುಖ ಮುಂದಾಗಿ ಇಳಿಸಿದರೆ ಕೂತವರು ಮುಗ್ಗರಿಸುತ್ತಾರೆ.

ಮೂರನೆಯದು ಜೀವದ ಮಾತು. ಕುರ್ಚಿಯ ಬ್ರೇಕು ಹಾಕಿದರೆ ಸಾಕು ಅಂತ ತಿಳಿದವರಿದ್ದಾರೆ. ಸಾಲದು. ಗಾಡಿಯವನು ಒಮ್ಮೆ ಜೋರಾಗಿ ಬ್ರೇಕ್ ಒತ್ತಿದರೆ ಕುರ್ಚಿ ಸಮೇತ ಮುಂದಕ್ಕೆ ಹಾರುತ್ತದೆ. ಕುರ್ಚಿಯನ್ನು ನಾಲ್ಕು ಮೂಲೆಯಲ್ಲಿ ಪಟ್ಟಿ ಹಾಕಿ ಗಾಡಿಯ ತಳಕ್ಕೆ ಬಿಗಿಯಬೇಕು. ಕೂತವರಿಗೆ ಬೇರೆ ಬೆಲ್ಟು ಬೇಕು. ಮುಖ ಮುಂದಕ್ಕಿರಬೇಕು, ಪಕ್ಕಕ್ಕಲ್ಲ. ಸೀಟಿಗೆ ವರ್ಗಾಯಿಸಿ ಕೂರಿಸಲು ಆಗುವವರಾದರೆ ಸೀಟೇ ಹೆಚ್ಚು ಭದ್ರ.

ನಾಲ್ಕನೆಯದು ವಾಪಸಾತಿ. ಹೋಗುವಾಗ ಸಿಕ್ಕ ಗಾಡಿ ಬರುವಾಗ ಸಿಗುವುದಿಲ್ಲ. ಡಯಾಲಿಸಿಸ್ ಮುಗಿದ ಮೇಲೆ ಬಿ.ಪಿ. ಇಳಿದು ತಲೆ ಸುತ್ತುವುದು ಮಾಮೂಲು. ಆ ಸ್ಥಿತಿಯಲ್ಲಿ ಗೇಟಿನ ಹೊರಗೆ ಬಿಸಿಲಲ್ಲಿ ಗಾಡಿಗೆ ಕೈ ಚಾಚುತ್ತ ನಿಲ್ಲುವುದು ಶತ್ರುವಿಗೂ ಬೇಡ. ತಡವಾದರೆ ಕಾಯುವ ಬಾಡಿಗೆ ಎಷ್ಟು, ಡ್ರೈವರ್ ಮನೆ ಬಾಗಿಲ ತನಕ ಕೈಕೊಡುತ್ತಾನೋ ಬೀದಿಯಲ್ಲೇ ಬಿಟ್ಟು ಹೋಗುತ್ತಾನೋ, ಎಲ್ಲ ಮೊದಲೇ ಮಾತಾಡಿ.

ಕೊನೆಯದು ಬೋರ್ಡಿನ ಬಣ್ಣ. ಬಿಳಿ ಬೋರ್ಡಿನ ಸ್ವಂತ ಗಾಡಿ ಬಾಡಿಗೆಗೆ ಓಡುವ ಹಾಗಿಲ್ಲ. ಅಪಘಾತವಾದರೆ ವಿಮೆಯವರು ಕೈ ತೊಳೆದುಕೊಳ್ಳಬಹುದು. ಗಾಡಿಯನ್ನು ಮಾರ್ಪಡಿಸಿದ್ದರೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಆರ್‌ಟಿಓ ದಾಖಲೆಯಲ್ಲಿ ಅದು ಸೇರಿರಬೇಕು. 'ನಮ್ಮ ಪರಿಚಯದ ಹುಡ್ಗ, ಏನೂ ಆಗಲ್ಲ' ಅನ್ನುವುದು ಏನೂ ಆಗದ ತನಕ ಮಾತ್ರ ನಡೆಯುವ ಮಾತು.

ಊರು ಮನಸ್ಸು ಮಾಡಿದರೆ

ಆದರೆ ಇಷ್ಟೆಲ್ಲ ಕೇಳಿ ತಿಳಿಯಲು ಊರಿನಲ್ಲಿ ಅಂಥ ಗಾಡಿಯಾದರೂ ಇರಬೇಕಲ್ಲ! ದಾವಣಗೆರೆ ವ್ಯಾಪಾರದ ಊರು. ಮಂಡಿಪೇಟೆಯಲ್ಲಿ ಲಾರಿಗೆ ಮೂಟೆ ಏರಿಸಲು ಹಲಗೆ ಇದೆ. ಮಂಡಕ್ಕಿ ಭಟ್ಟಿಯಿಂದ ಹೊರಡುವ ಚೀಲಕ್ಕೆ ಹೊತ್ತಿಗೆ ಸರಿಯಾಗಿ ಗಾಡಿ ಬರುತ್ತದೆ, ಚೀಲ ಹರಿಯದ ಹಾಗೆ ಹಗ್ಗ ಬಿಗಿಯುತ್ತಾರೆ. ಮನುಷ್ಯರಿಗೆ ಮಾತ್ರ ಹಲಗೆಯೂ ಇಲ್ಲ, ಹಗ್ಗವೂ ಇಲ್ಲ, ಹೊತ್ತೂ ಇಲ್ಲ.

ವ್ಯಾಪಾರಸ್ಥರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ, ಆದರೂ ಕೇಳಿ. ಡಯಾಲಿಸಿಸ್‌ನವರ ದಿನ, ಪಾಳಿ ಮೊದಲೇ ಗೊತ್ತು. ಒಂದೇ ಒಂದು ಗಾಡಿ ಬೆಳಗ್ಗೆ ಮೊದಲ ಪಾಳಿಯ ಮೂವರನ್ನು ಒಬ್ಬರಾದ ಮೇಲೆ ಒಬ್ಬರಂತೆ ಮುಟ್ಟಿಸಬಹುದು. ಮಧ್ಯಾಹ್ನ ಎರಡನೇ ಪಾಳಿಯವರನ್ನು ತರುವಾಗ ತಂದು, ಅದೇ ಗಾಡಿಯಲ್ಲಿ ಮೊದಲ ಪಾಳಿಯವರನ್ನು ಒಯ್ಯಬಹುದು. ಖಾಲಿ ಓಡಾಟ ಅರ್ಧಕ್ಕರ್ಧ ಕಡಿಮೆ. ನಡುವಿನ ಬಿಡುವಿನಲ್ಲಿ ಲಕ್ವದವರನ್ನು ಫಿಸಿಯೋಥೆರಪಿಗೆ, ಮುದುಕರನ್ನು ಕಣ್ಣಿನ ಡಾಕ್ಟರ ಹತ್ತಿರಕ್ಕೆ ಒಯ್ಯಬಹುದು. ಹೀಗೆ ಹಂಚಿಕೊಂಡು ಒಂದು ಕಡೆಗೆ 100 ರೂಪಾಯಿಗೆ ಇಳಿಸಿದರೆ ವರ್ಷದ 93,600 ಹೋಗಿ 31,200 ಆಗುತ್ತದೆ. ಉಳಿದದ್ದನ್ನು ಊರು ಹೊರಬೇಕು.

ಊರು ಅಂದರೆ ಯಾರು? ಸ್ಥಳೀಯ ಸಂಸ್ಥೆಗಳು ಶೇಕಡಾ 5ರಷ್ಟು ಹಣವನ್ನು ಅಂಗವಿಕಲರಿಗೆಂದೇ ತೆಗೆದಿಡಬೇಕೆಂಬ ನಿಯಮ ಈ ರಾಜ್ಯದಲ್ಲಿದೆ. ಆ ಹಣ ಬಂದಾಗ ಶಾಮಿಯಾನ ಹಾಕಿ ತ್ರಿಚಕ್ರ ಸ್ಕೂಟರ್ ಹಂಚುವುದು, ಫೋಟೋ ಹೊಡೆಸಿಕೊಳ್ಳುವುದು ಧುರೀಣರ ರೂಢಿ. ಸ್ಕೂಟರ್ ಬೇಡವೆಂದಲ್ಲ. ತೋಳಿನಲ್ಲಿ ಕಸುವಿರುವ ಯುವಕನಿಗೆ ಅದು ರೆಕ್ಕೆಯಿದ್ದ ಹಾಗೆ. ಆದರೆ ಒಂದು ಭಾಗ ಬಿದ್ದುಹೋದ ಮುದುಕನಿಗೆ ಸ್ಕೂಟರ್ ಕೊಟ್ಟರೆ ಅದನ್ನು ಓಡಿಸುವವರು ಮೊಮ್ಮಕ್ಕಳು. ಅದೇ ಹಣದಲ್ಲಿ ಒಂದೆರಡು ಗಾಡಿ ಕೊಂಡು, ಹಲಗೆ, ಪಟ್ಟಿ ಹಾಕಿಸಿ, ಡ್ರೈವರನಿಗೆ ತರಬೇತಿ ಕೊಟ್ಟು ಓಡಿಸಲಿ. ಯಾರಿಗೆ ಬೇಕು ಅಂತ ಪಟ್ಟಿ ಮಾಡಲು ವಾರ್ಡು, ಹಳ್ಳಿಗಳಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ.

ವರ್ತಕರದ್ದೂ ಪಾಲಿದೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅಪ್ಪನ ಹೆಸರು ಕೆತ್ತಿಸುವ ದಾನಿಗಳಿಗೆ ಇಲ್ಲಿ ಬರವಿಲ್ಲ. ಒಂದು ಗಾಡಿಯ ಬಾಗಿಲ ಮೇಲೂ ಹೆಸರು ಬರೆಸಬಹುದು. ಬೆಂಚು ಕೂತಲ್ಲೇ ಕೂತಿರುತ್ತದೆ, ಗಾಡಿ ದಿನಾ ಹತ್ತು ಮನೆ ಬಾಗಿಲಿಗೆ ಹೋಗುತ್ತದೆ.

ಅಷ್ಟೂ ಆಗದವರು ಇಷ್ಟಾದರೂ ಮಾಡಲಿ. ಅಂಗಡಿ ಮುಂದಿನ ಫುಟ್‌ಪಾತಿನಿಂದ ಬೈಕು, ಬೋರ್ಡು, ಡಬ್ಬ ತೆಗೆಯಲಿ. ಔಷಧಿ ಅಂಗಡಿಯವರು ಮೆಟ್ಟಿಲಿಗೊಂದು ಹಲಗೆ ಇಡಲಿ. ಬಸ್ಸಿನಲ್ಲಿ ಹೋಗುವವರು ಗಾಲಿಕುರ್ಚಿ ಕಂಡಾಗ ಅರ್ಧ ನಿಮಿಷ ನೂಕಾಟ ನಿಲ್ಲಿಸಲಿ. ಆಟೋ ಸ್ಟ್ಯಾಂಡಿನವರು ಕುರ್ಚಿ ಕಟ್ಟಲು ಒಂದು ಹಗ್ಗ ಇಟ್ಟುಕೊಳ್ಳಲಿ. ಅದಕ್ಕೆ ಯಾವ ಕಾಯ್ದೆಯೂ ಬೇಡ, ಟೆಂಡರೂ ಬೇಡ.

ಆಸ್ಪತ್ರೆಗೆ ಹೊಸ ಯಂತ್ರ ಬಂದರೆ ರಿಬ್ಬನ್ ಕತ್ತರಿಸುತ್ತಾರೆ. ಆ ಯಂತ್ರದ ತನಕ ಕಾಯಿಲೆಯವರು ಹೇಗೆ ಬಂದರು ಅಂತ ಒಬ್ಬರಾದರೂ ಕೇಳಬೇಕು. ಬುಧವಾರ ಬೆಳಗ್ಗೆ ಐದೂವರೆಗೆ ಹಳೇಪೇಟೆಯ ಆ ಓಣಿಗೆ ಹೋದರೆ ಉತ್ತರ ಸಿಗುತ್ತದೆ. ಮಗನಿಗೂ ಈಗ ನಲವತ್ತಾಯಿತು. ಅವನ ಬೆನ್ನು ಎಷ್ಟು ವರ್ಷ ತಡೆದೀತು?